ಬರಿಯ ಭರವಸೆಯಿಂದ ಪೇಟೆ ಚೇತರಿಸದು

ದೇಶವೊಂದರ ಕಾರ್ಖಾನೆಗಳಾಗಲಿ, ದುಡಿಯುವವರ ಕೌಶಲವಾಗಲಿ ಒಂದೆರಡು ತಿಂಗಳಲ್ಲಿ ಹೆಚ್ಚು ಬದಲಾಗುವುದಿಲ್ಲವಾದರೂ ಖರ್ಚು ಮಾಡುವ ಮನಸ್ಸು ಅಷ್ಟರೊಳಗೇ ಬದಲಾಗಬಲ್ಲದು. ಬೇಡಿಕೆ ಇಳಿದರೂ ಬೆಲೆ ಮತ್ತು ಸಂಬಳಗಳು ಅದಕ್ಕೆ ತಕ್ಕಂತೆ ಕೂಡಲೇ ಹೊಂದಿಕೊಳ್ಳದ ಅವಧಿಯನ್ನು ಅರ್ಥಶಾಸ್ತ್ರಜ್ಞರು ಅಲ್ಪಾವಧಿ ಎನ್ನುತ್ತಾರೆ. ಜನರ ವಿಶ್ವಾಸ ಅತಿ ಹೆಚ್ಚು ಪ್ರಭಾವ ಬೀರುವುದು ಈ ಅವಧಿಯಲ್ಲೇ. ಕೆಲಸ ಉಳಿಯುವುದೋ ಇಲ್ಲವೋ ಎಂಬ ಅಳುಕಿನಿಂದ ಕುಟುಂಬಗಳು ಖರೀದಿಯನ್ನು ಮುಂದೂಡಿದಾಗ ಅಂಗಡಿಗಳಲ್ಲಿ ಸರಕು ಉಳಿದು, ಕಾರ್ಖಾನೆಗಳಲ್ಲಿ ಪಾಳಿ ಕಡಿತಗೊಂಡು, ಕಡೆಗೆ ಕೆಲವರ ಕೆಲಸ ನಿಜವಾಗಿಯೂ ಹೋಗುತ್ತದೆ. ಒಂದು ಮನೆಯ ಮಟ್ಟಿಗೆ ವಿವೇಕವೆನಿಸುವ ಉಳಿತಾಯವನ್ನು ಎಲ್ಲರೂ ಒಮ್ಮೆಲೇ ಕೈಗೊಂಡರೆ ಎಲ್ಲರ ವರಮಾನವೂ ಇಳಿಯುವ ಈ ಸ್ಥಿತಿಗೆ ‘ಮಿತವ್ಯಯದ ವಿರೋಧಾಭಾಸ’ ಎಂದು ಹೆಸರು.

ಹಾಗಾದರೆ ಆಳುವವರು ಧೈರ್ಯದ ಮಾತಾಡಿದರೆ ಸಾಕೇ? 1933ರ ಅಮೆರಿಕದ ಅನುಭವ ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಡುತ್ತದೆ. ಠೇವಣಿದಾರರು ಭಯದಿಂದ ಹಣ ಹಿಂಪಡೆಯಲು ಮುಗಿಬಿದ್ದುದರಿಂದ ಬ್ಯಾಂಕುಗಳು ಒಂದರ ಹಿಂದೊಂದು ಮುಳುಗುತ್ತಿದ್ದಾಗ, ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಾರ್ಚ್ 6ರಿಂದ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿದರು. ಮಾರ್ಚ್ 12ರ ರಾತ್ರಿ ಅವರು ರೇಡಿಯೊದಲ್ಲಿ ಸರಳವಾಗಿ ಪರಿಸ್ಥಿತಿಯನ್ನು ವಿವರಿಸಿದರು. ಮರುದಿನದಿಂದ ಬ್ಯಾಂಕುಗಳು ಹಂತಹಂತವಾಗಿ ತೆರೆದಾಗ ಜನ ಮನೆಯಲ್ಲಿ ಅಡಗಿಸಿದ್ದ ಹಣವನ್ನು ತಂದು ಮತ್ತೆ ಕಟ್ಟಿದರು. ಮಾರ್ಚ್ 15ರಂದು ವಹಿವಾಟು ಪುನರಾರಂಭವಾದಾಗ ಡೌ ಜೋನ್ಸ್ ಷೇರು ಸೂಚ್ಯಂಕ ಒಂದೇ ದಿನದಲ್ಲಿ ಶೇ 15ರಷ್ಟು ಏರಿತು. ಆದರೆ ಆ ಭಾಷಣಕ್ಕೆ ಮೂರು ದಿನ ಮೊದಲೇ ತುರ್ತು ಬ್ಯಾಂಕಿಂಗ್ ಕಾಯ್ದೆ ಜಾರಿಗೆ ಬಂದಿತ್ತು. ಸುಸ್ಥಿತಿಯಲ್ಲಿದ್ದ ಬ್ಯಾಂಕುಗಳನ್ನಷ್ಟೇ ತೆರೆಯಿಸಿ, ಅವುಗಳಿಗೆ ಬೇಕಾದ ನಗದನ್ನು ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಒದಗಿಸುವ ಏರ್ಪಾಡು ಅದರಲ್ಲಿತ್ತು. ಬ್ಯಾಂಕು ಮುಳುಗಿದರೂ ನಿಗದಿತ ಮೊತ್ತದವರೆಗೆ ಹಣ ಮರಳುವ ಖಾತರಿಯಾದ ಠೇವಣಿ ವಿಮೆಯ ಶಾಸನವೂ ಅದೇ ವರ್ಷ ಬಂದಿತು.

ಭಾರತದಲ್ಲಿ ಜನರ ವಿಶ್ವಾಸವನ್ನು ಅಳೆಯಲು ರಿಸರ್ವ್ ಬ್ಯಾಂಕು ನಗರದ ಕುಟುಂಬಗಳ ಸಮೀಕ್ಷೆ ನಡೆಸುತ್ತದೆ. ಅದರ ಸೂಚ್ಯಂಕ 100ಕ್ಕಿಂತ ಕೆಳಗಿದ್ದರೆ ನಿರಾಶೆಯ ಕೈಮೇಲಾಗಿದೆ ಎಂದರ್ಥ. ಕೋವಿಡ್‌ನ ಎರಡನೇ ಅಲೆಯ ನಡುವೆ, 2021ರ ಮೇ ತಿಂಗಳಲ್ಲಿ, ಪ್ರಸ್ತುತ ಪರಿಸ್ಥಿತಿಯ ಸೂಚ್ಯಂಕ 48.5ಕ್ಕೆ ಕುಸಿಯಿತು. ಆ ನಿರಾಶೆ ಭ್ರಮೆಯಾಗಿರಲಿಲ್ಲ. ಕಾಯಿಲೆ ಮತ್ತು ಕಳೆದುಹೋದ ದುಡಿಮೆ ಅದರ ಬೇರಿನಲ್ಲಿದ್ದವು. ಲಸಿಕೆಯೂ ವರಮಾನವೂ ದೊರೆಯದೆ ಉಪದೇಶದಿಂದ ಅದು ಕರಗುವಂಥದ್ದಾಗಿರಲಿಲ್ಲ.

ಅಲ್ಪಾವಧಿಯಲ್ಲಿ ವಿಶ್ವಾಸವೂ ಬಂಡವಾಳದಷ್ಟೇ ಮುಖ್ಯ. ಆದರೆ ಅದನ್ನು ಬಯಸುವ ಸರ್ಕಾರ ಕಹಿಯಾದ ಅಂಕಿಅಂಶಗಳನ್ನೂ ಮುಚ್ಚಿಡದೆ ಪ್ರಕಟಿಸಬೇಕು, ಮಾಡಲಾಗುವುದನ್ನಷ್ಟೇ ಹೇಳಬೇಕು. ಒಮ್ಮೆ ಹುಸಿಯಾದ ಆಶ್ವಾಸನೆಯನ್ನು ಜನ ಮುಂದಿನ ಬಿಕ್ಕಟ್ಟಿನಲ್ಲಿ ನಂಬುವುದಿಲ್ಲ.