ಇಫ್ ಬಂತಲ್ಲ, ಅದಕ್ಕೇ!

'ಇಫ್ ಐ ವರ್ ಯು' ಎಂಬುದನ್ನು ನಮ್ಮ ಶಾಲೆಗಳಲ್ಲಿ ಮಂತ್ರದ ಹಾಗೆ ಕಲಿಸುತ್ತಾರೆ. 'ಐ' ಜೊತೆಗೆ 'ವಾಸ್' ಬರಬೇಕಲ್ಲ, ಇಲ್ಲೇಕೆ 'ವರ್' ಎಂದು ಮಗು ಕೇಳಿದರೆ, "ಇಫ್ ಬಂತಲ್ಲ, ಅದಕ್ಕೇ. ಬಾಯಿಪಾಠ ಮಾಡು" ಎಂದು ಗದರಿಸಿ ಕೂರಿಸುತ್ತಾರೆ.

ಈ ಉತ್ತರ ಶುದ್ಧ ಸುಳ್ಳು. ಒಮ್ಮೆ ಮೌಲ್ಯಮಾಪನದಲ್ಲಿ ಕಂಡದ್ದನ್ನು ಹೇಳುತ್ತೇನೆ. 'ಇಫ್' ಬಳಸಿ ಸ್ವಂತ ವಾಕ್ಯ ಬರೆಯಬೇಕಿತ್ತು. ಒಬ್ಬ ಹುಡುಗಿ 'ಇಫ್ ಐ ವಾಸ್ ಲೇಟ್ ಯೆಸ್ಟರ್‌ಡೇ, ಐ ಆಮ್ ಸಾರಿ' ಎಂದು ಬರೆದಿದ್ದಳು. ನನ್ನ ಪಕ್ಕದವರು 'ವಾಸ್'ಗೆ ಕೆಂಪು ಸುತ್ತು ಹಾಕಿ ಸೊನ್ನೆ ಕೊಟ್ಟರು. ಅಲ್ಲ, ನಿನ್ನೆ ಅವಳು ತಡವಾಗಿ ಬಂದಿರಲೂಬಹುದು. ನಡೆದಿರಬಹುದಾದ ಸಂಗತಿ ಅದು. ಅಲ್ಲಿ 'ವಾಸ್' ಎಂದೇ ಬರೆಯಬೇಕು. ನಾನು ನೀನಾಗುವುದು ಎಂದೂ ನಡೆಯದ ಸಂಗತಿ. 'ವರ್' ಬರುವುದು ಆ ನಡೆಯದ ಮಾತಿಗೆ, 'ಇಫ್' ಎಂಬ ಪದಕ್ಕಲ್ಲ. ಎಷ್ಟು ವಾದಿಸಿದರೂ "ಸುಮ್ಮನಿರಿ ಮೇಡಂ, ಇಫ್ ಅಂದಮೇಲೆ ವರ್" ಎಂದರು. ಹುಡುಗಿಯ ಅಂಕ ಹೋಯಿತು.

ಈ 'ವರ್' ಸಾವಿರ ವರ್ಷ ಹಿಂದಿನ ಇಂಗ್ಲಿಷಿನ ಪಳೆಯುಳಿಕೆ. ಊಹೆಯ ಮಾತಿಗೆ ಆಗ ಕ್ರಿಯಾಪದದ ಬೇರೆ ರೂಪಗಳಿದ್ದವು, ಬಹುಪಾಲು ಸವೆದುಹೋದವು. ಈ ರೂಪಗಳು ಸಾಯುತ್ತಿವೆಯೆಂದು ಫೌಲರ್ 1926ರಷ್ಟು ಹಿಂದೆಯೇ ಬರೆದಿದ್ದ. ಇಂಗ್ಲೆಂಡಿನವರೇ ಮಾತಿನಲ್ಲಿ 'ಇಫ್ ಐ ವಾಸ್' ಎನ್ನುವುದುಂಟು. ಬರವಣಿಗೆಗೆ 'ವರ್' ಚೆಂದ, ನಾನೂ ಅದನ್ನೇ ಕಲಿಸುತ್ತೇನೆ; ಅದು ಬೇರೆ ಮಾತು.

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಕನ್ನಡದ ಮಗುವಿಗೆ ಇದರಲ್ಲಿ ಬೆರಗಾಗುವಂಥದ್ದು ಏನಿದೆ ಹೇಳಿ? 'ನಾಳೆ ಮಳೆ ಬಂದರೆ ಆಟವಿಲ್ಲ' ಎನ್ನುತ್ತೇವೆ. ಮಳೆ ನಾಳೆಯದು, ಒಳಗಿರುವ 'ಬಂದ' ಮಾತ್ರ ಭೂತಕಾಲದ್ದು. 'ನಿನ್ನ ಜಾಗದಲ್ಲಿ ನಾನಿದ್ದರೆ' ಎನ್ನುವಾಗಲೂ ಅಷ್ಟೆ, ಅಲ್ಲಿರುವುದು 'ಇದ್ದ'. ಹೋದರೆ, ತಿಂದರೆ, ಬಿದ್ದರೆ, ಎಲ್ಲದರ ಹೊಟ್ಟೆಯಲ್ಲೂ ಕಳೆದ ಕಾಲ ಕೂತಿದೆ. ಅಂಗಳದಲ್ಲಿ ಆಡುವ ಮಕ್ಕಳು ವ್ಯಾಕರಣದ ಹಂಗಿಲ್ಲದೆ ಇದನ್ನು ಬಳಸುತ್ತಾರೆ. ಕನ್ನಡ ಎಲ್ಲ 'ರೆ'ಗಳಿಗೂ ಹೀಗೆ ಮಾಡುತ್ತದೆ, ಇಂಗ್ಲಿಷು ನಡೆಯದ, ನಡೆಯಲಾರದ ಮಾತಿಗೆ ಮಾತ್ರ ಹಿಂದಿನ ಕಾಲದ ರೂಪ ಹಿಡಿಯುತ್ತದೆ. ಕಲಿಸಬೇಕಾದದ್ದು ಈ ವ್ಯತ್ಯಾಸವಷ್ಟೆ. ಒಂದು ಸೀಮೆಸುಣ್ಣ, ಹತ್ತು ನಿಮಿಷ ಸಾಕು.

ಆದರೆ ಇಂಗ್ಲಿಷ್ ಪೀರಿಯಡ್ಡಿನಲ್ಲಿ ಬೋರ್ಡಿನ ಮೇಲೆ 'ಮಳೆ ಬಂದರೆ' ಎಂದು ಬರೆದರೆ ಮಹಾಪರಾಧ. ಕನ್ನಡ ಮಾತಾಡಿದ ಮಕ್ಕಳಿಂದ ದಂಡ ವಸೂಲು ಮಾಡುವ ಶಾಲೆಗಳೂ ಇವೆ. ಆ ಶಾಲೆಗಳಲ್ಲೇ 'ಇಫ್ ಐ ವರ್' ಇಂಪೋಸಿಷನ್ ನೂರು ಸಲ ಬರೆಸುತ್ತಾರೆ.