ಎಂಟು, ಒಂಬತ್ತನೆಯ ತರಗತಿಗೆ ವಾರಕ್ಕೊಂದು ಧರ್ಮ–ನೀತಿಯ ಪಿರಿಯಡ್ ಬೇಕು

ತುಕ್ಕಾನಟ್ಟಿ ಹಾಗೂ ಸುತ್ತಲಿನ ಹಳ್ಳಿಗಳ ಪಾಲಕರಲ್ಲಿ, ಗುರುಗಳಲ್ಲಿ, ಪಂಚಾಯಿತಿ ಸದಸ್ಯರಲ್ಲಿ ವಿನಂತಿ

ಎಂಟನೆಯ ತರಗತಿಗೆ ಬಂದ ಮಕ್ಕಳು ದೊಡ್ಡ ಪ್ರಶ್ನೆಗಳನ್ನೇ ಕೇಳುತ್ತಾರೆ. ದೇವರು ಇದ್ದಾನೇನು? ಅವರ ದೇವರು ಬೇರೆ, ನಮ್ಮ ದೇವರು ಬೇರೆ ಯಾಕೆ? ಸುಳ್ಳು ಹೇಳಿದವರೇ ಮುಂದೆ ಬರುತ್ತಾರಲ್ಲ, ನಾವೇಕೆ ಖರೆ ಹೇಳಬೇಕು? ಮನೆಯಲ್ಲಿ ನಾವು ‘ಸುಮ್ಮನಿರು’ ಎನ್ನುತ್ತೇವೆ. ಶಾಲೆಯಲ್ಲಿ ಪಾಠ ಮುಗಿಸುವ ಅವಸರ. ಉಳಿಯುವುದು ಮೊಬೈಲ್. ಅದು ಕೊಡುವ ಉತ್ತರದಲ್ಲಿ ತಿಳಿವಳಿಕೆಗಿಂತ ನೆರೆಮನೆಯವರ ಮೇಲಿನ ಸಿಟ್ಟೇ ಹೆಚ್ಚು.

ಅದಕ್ಕೇ ನಾವು ಕೇಳುತ್ತಿದ್ದೇವೆ: ನಮ್ಮ ಪ್ರೌಢಶಾಲೆಗಳಲ್ಲಿ 8 ಮತ್ತು 9ನೆಯ ತರಗತಿಗೆ ವಾರಕ್ಕೆ ಒಂದು ಪಿರಿಯಡ್ ಧರ್ಮ, ದರ್ಶನ, ನೀತಿಗಳ ವಿಚಾರಕ್ಕೆ ಮೀಸಲಾಗಲಿ. ಪಾಠ ಮಾಡುವವರು ಶಾಲೆಯ ಶಿಕ್ಷಕರೇ ಆಗಿರಲಿ. ಪರೀಕ್ಷೆ ಬೇಡ, ಅಂಕ ಬೇಡ.

‘ಸರ್ಕಾರಿ ಶಾಲೆಯಲ್ಲಿ ಧರ್ಮ ಕಲಿಸಲು ಕಾನೂನು ಬಿಡುವುದಿಲ್ಲ’ ಎನ್ನುವವರಿದ್ದಾರೆ. ಸಂವಿಧಾನದ 28ನೆಯ ವಿಧಿ ತಡೆಯುವುದು ಧರ್ಮಬೋಧನೆಯನ್ನು, ಅಂದರೆ ಒಂದು ಮತದ ನಂಬಿಕೆಯನ್ನು ಮಗುವಿನ ತಲೆಗೆ ತುಂಬುವುದನ್ನು. ಧರ್ಮಗಳ ಬಗ್ಗೆ ಓದುವುದು ಬೇರೆ ಮಾತು. 1964–66ರ ಕೊಠಾರಿ ಆಯೋಗ ಈ ಎರಡನ್ನೂ ಬೇರ್ಪಡಿಸಿ ತೋರಿಸಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಧರ್ಮಗಳ ಬಗ್ಗೆ ಕಲಿಸುವುದಕ್ಕೆ ಅಡ್ಡಿಯಿಲ್ಲ ಎಂದು ಹೇಳಿತು.

2022ರಲ್ಲಿ ಗುಜರಾತ್ ಸರ್ಕಾರ 6ರಿಂದ 12ನೆಯ ತರಗತಿವರೆಗೆ ಭಗವದ್ಗೀತೆ ಕಲಿಸುತ್ತೇವೆ ಎಂದಾಗ ನಮ್ಮ ರಾಜ್ಯದಲ್ಲೂ ಅದೇ ಮಾತು ಎದ್ದಿತು. ಗೀತೆ ಬೇಕೋ ಬೇಡವೋ ಎಂಬ ಜಗಳದಲ್ಲೇ ಎಲ್ಲರ ಶಕ್ತಿ ಹೋಯಿತು. ಮಕ್ಕಳ ಪ್ರಶ್ನೆಗಳು ಇದ್ದಲ್ಲೇ ಉಳಿದವು. ಗೀತೆ ಇರಲಿ. ಅದರ ಜೊತೆಗೆ ವಚನ, ಕುರಾನ್, ಬೈಬಲ್, ಜೈನ–ಬೌದ್ಧ ವಿಚಾರಗಳೂ ಇರಲಿ. ದೇವರನ್ನೇ ಒಪ್ಪದ ಚಾರ್ವಾಕರಿಗೂ ಜಾಗವಿರಲಿ.

ಪಾಠ ಹೇಗೆ ನಡೆಯಬೇಕೆಂಬುದಕ್ಕೆ ನಮ್ಮ ನೀರನ್ನೇ ತೆಗೆದುಕೊಳ್ಳಿ. ಘಟಪ್ರಭಾ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮೇಲಿನವರು ರಾತ್ರಿ ಪಂಪ್‌ಸೆಟ್ ಹಚ್ಚಿ ಎತ್ತಿಕೊಂಡರೆ ಕೊನೆಭಾಗದ ರೈತನ ಕಬ್ಬು ಒಣಗುತ್ತದೆ. ಇದು ಕಳವು ಹೌದೋ ಅಲ್ಲವೋ? ಶಿಕ್ಷಕರು ಇಷ್ಟು ಕೇಳಿ ಸುಮ್ಮನಾಗಲಿ, ಮಕ್ಕಳು ಮಾತಾಡಲಿ. ಆಮೇಲೆ ಒಂದೊಂದೇ ಮುಂದಿಡಲಿ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರೂ ಕೋಲಿಯರೂ ಆಯುಧ ಹಿಡಿದು ನಿಂತಾಗ, ನೀರಿನ ಬೆಲೆ ಹೆಚ್ಚೋ ಮನುಷ್ಯರ ಜೀವದ ಬೆಲೆ ಹೆಚ್ಚೋ ಎಂದು ಬುದ್ಧ ಕೇಳಿದ ಕಥೆ. ತೋಡಿದ ಬಾವಿಗೆಲ್ಲ ಜಗಳ ಬಂದಾಗ ಮುಂದೆ ಹೋಗಿ ಮತ್ತೊಂದು ಬಾವಿ ತೋಡಿದ ಬೈಬಲ್ಲಿನ ಇಸಾಕ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಎಲ್ಲರಿಗೂ ಪಾಲಿದೆ ಎಂಬ ಪ್ರವಾದಿಗಳ ಮಾತು. ಪಡೆದದ್ದನ್ನು ತಿರುಗಿ ಕೊಡದೆ ತಾನೊಬ್ಬನೇ ಉಣ್ಣುವವನನ್ನು ಕಳ್ಳನೆಂದೇ ಕರೆಯುವ ಗೀತೆಯ ಮೂರನೆಯ ಅಧ್ಯಾಯ. ಆಸ್ತಿಗೆ ತಾನೇ ಮಿತಿ ಹಾಕಿಕೊಳ್ಳುವ ಜೈನ ಗೃಹಸ್ಥನ ವ್ರತ. ಶರಣರ ದಾಸೋಹ. ದೇವರ ಹೆಸರೇ ಎತ್ತದೆ, ಸರದಿ ತಪ್ಪಿಸಿದರೆ ನಾಳೆ ತನಗೂ ನೀರು ಸಿಗದು ಎಂದು ಲೆಕ್ಕ ಹಾಕುವವನ ವಾದವನ್ನೂ ಇಡಲಿ.

ಆ ತರಗತಿಯಲ್ಲಿ ಒಬ್ಬ ಹುಡುಗನಿಗಾದರೂ ‘ಪಂಪ್‌ಸೆಟ್ ಹಚ್ಚುವವರು ನಮ್ಮಪ್ಪನೇ’ ಎಂಬುದು ನೆನಪಾಗುತ್ತದೆ. ಸಂಜೆ ಅವನು ಅದನ್ನು ಮನೆಯಲ್ಲಿ ಕೇಳುತ್ತಾನೆ. ಕೇಳಲಿ. ನಮಗೆ ಕಷ್ಟವಾದರೂ ಕೇಳಲಿ.

ಕಲಿಯಲು ದೂರ ಹೋಗಬೇಕಾಗಿಲ್ಲ. ಮೊಹರಂನಲ್ಲಿ ನಮ್ಮ ಭಾಗದ ಹಳ್ಳಿಗಳ ಹುಡುಗರು ಜಾತಿ ನೋಡದೆ ಹೆಜ್ಜೆಮೇಳ ಕುಣಿಯುತ್ತಾರೆ. ಹುಸೇನರು ಯಾರು, 680ರಲ್ಲಿ ಕರ್ಬಲಾದಲ್ಲಿ ಏನಾಯಿತು ಎಂದು ಕೇಳಿದರೆ ಹೇಳಬಲ್ಲವರು ಎಷ್ಟು ಜನ? ಗೋಕಾಕ ಸೀಮೆಯ ಸಾವಳಗಿ ಶಿವಲಿಂಗೇಶ್ವರ ಪೀಠ ಭಾವೈಕ್ಯಕ್ಕೆ ಹೆಸರಾದದ್ದು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ 1923ರಲ್ಲಿ ಅಚ್ಚಾದದ್ದು ನಮ್ಮದೇ ಬೆಳಗಾವಿಯಲ್ಲಿ, ಮಹಾವೀರನ ಹೆಸರು ಹೊತ್ತ ಮುದ್ರಣಾಲಯದಲ್ಲಿ. ಇದೆಲ್ಲ ನಮ್ಮ ಮಕ್ಕಳ ಆಸ್ತಿ. ಅವರ ಕೈಗೆ ನಾವಿನ್ನೂ ಕೊಟ್ಟಿಲ್ಲ.

ಶಿಕ್ಷಕರು ತಮ್ಮ ಮತದ ಕಡೆಗೇ ವಾಲಿದರೆ? ಈ ಅಂಜಿಕೆ ಸುಳ್ಳಲ್ಲ. ಇಂಗ್ಲೆಂಡಿನಲ್ಲಿ 1944ರ ಶಿಕ್ಷಣ ಕಾಯ್ದೆಯ ಕಾಲದಿಂದ ಈ ವಿಷಯದ ಪಠ್ಯವನ್ನು ಆಯಾ ಪ್ರದೇಶದ ಸಮಿತಿಯೇ ಒಪ್ಪಿ ಗೊತ್ತುಮಾಡುವ ಪದ್ಧತಿಯಿದೆ. ಶಿಕ್ಷಕರು, ಧಾರ್ಮಿಕ ಪ್ರತಿನಿಧಿಗಳು, ಸ್ಥಳೀಯ ಆಡಳಿತದವರು ಕೂಡಿ ಕೂರುತ್ತಾರೆ. ನಮ್ಮಲ್ಲೂ ಮಠದವರು, ಮಸೀದಿಯ ಹಿರಿಯರು, ಬಸದಿಯವರು, ದಲಿತ ಕೇರಿಯ ಹಿರಿಯರು, ತಾಯಂದಿರು ಒಂದೇ ಜಮಖಾನೆಯ ಮೇಲೆ ಕೂತು ಪಾಠದ ಪಟ್ಟಿ ನೋಡಲಿ. ‘ಇದೇ ಸತ್ಯ’ ಎಂದು ಶಿಕ್ಷಕರು ಹೇಳಬಾರದು; ‘ಇವರು ಹೀಗೆ ನಂಬುತ್ತಾರೆ, ಅದಕ್ಕೆ ಈ ಕಾರಣ ಕೊಡುತ್ತಾರೆ’ ಎನ್ನಬೇಕು. ತಮ್ಮ ಮಗುವಿಗೆ ಈ ಪಿರಿಯಡ್ ಬೇಡವೆನ್ನುವ ಪಾಲಕರ ಮಾತಿಗೆ ಬೆಲೆ ಇರಬೇಕು.

ಮುಂದಿನ ಎಸ್‌ಡಿಎಂಸಿ ಸಭೆಗೆ, ಮಕ್ಕಳ ಗ್ರಾಮಸಭೆಗೆ ತಪ್ಪದೆ ಬನ್ನಿ. ಮಕ್ಕಳನ್ನೂ ಕರೆತನ್ನಿ, ಅವರೇ ಕೇಳಲಿ. ಠರಾವು ಮಾಡಿಸಿ ಮೂಡಲಗಿಯ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಚಿಕ್ಕೋಡಿಯ ಉಪನಿರ್ದೇಶಕರಿಗೂ ಕಳಿಸೋಣ. ಓದಿದ ಮೇಲೆ ಈ ಕರಪತ್ರವನ್ನು ಬೇರೆ ಓಣಿಯವರಿಗೆ ಕೊಡಿ.

— ತುಕ್ಕಾನಟ್ಟಿಯ ಕೆಲವು ಪಾಲಕರು