ತುಕ್ಕು ಹೋಯ್ತು ಸರಿ, ಕಾಗದ ಎಲ್ಲಿ?

ಹಳೇ ಪೊಲೀಸ್ ರಿವಾಲ್ವರ್ ಕೊಳ್ಳೋದು, ತುಕ್ಕು ಕೆರೆಯೋದು, ಎಣ್ಣೆ ಹಚ್ಚೋದು, ಹೊಸದರ ಹಾಗೆ ಫಳಫಳ ಮಾಡಿ ನಾಲ್ಕು ಜನಕ್ಕೆ ತೋರಿಸೋದು. ಈ ಶೋಕಿ ಅಮೆರಿಕದ್ದು. ಆದರೆ ಅದರ ವಿಡಿಯೋ ನಮ್ಮ ಬಸ್‌ಸ್ಟ್ಯಾಂಡಿನ ಹುಡುಗರ ಮೊಬೈಲಿಗೂ ಬಂದಿದೆ. ಬಸ್ಸು ಬರೋ ತನಕ ಹೊತ್ತು ಹೋಗಬೇಕಲ್ಲ, ನೋಡ್ತಾರೆ. ನೋಡೋದು ತಪ್ಪಲ್ಲ. ನೋಡಿದ ಮೇಲೆ "ನಮ್ಮ ತಾತನ ಟ್ರಂಕಿನಲ್ಲೂ ಒಂದು ಇದೆ, ನಾವೂ ಮಾಡೋಣ" ಅಂತ ಹೊರಟರೆ ಮಾತ್ರ ಕೇಡು. ಆ ಕೇಡು ಎಂಥದ್ದು ಅಂತ ಆ ವಿಡಿಯೋದವರು ಹೇಳೋದಿಲ್ಲ. ಅವರ ಊರಿನ ಕಾಯಿದೆ ಬೇರೆ, ನಮ್ಮೂರಿನ ಕಾಯಿದೆ ಬೇರೆ.

ಮೊದಲು ಅಲ್ಲಿಯ ಕಥೆ ಕೇಳಿ. ಸ್ಮಿತ್ ಅಂಡ್ ವೆಸನ್ ಎಂಬ ಕಂಪನಿ 1899ರಲ್ಲಿ 'ಮಿಲಿಟರಿ ಅಂಡ್ ಪೊಲೀಸ್' ಅಂತ ಒಂದು ರಿವಾಲ್ವರ್ ತಂದಿತು. .38 ಅಳತೆ, ಆರು ಗುಂಡು. 1957ರಿಂದ ಅದಕ್ಕೇ 'ಮಾಡೆಲ್ 10' ಅಂತ ಹೆಸರಾಯಿತು. ಅರವತ್ತು ಲಕ್ಷದಷ್ಟು ತಯಾರಾದ ಮಾಲು ಇದು! ಅಮೆರಿಕದ ಊರೂರಿನ ಪೊಲೀಸರ ಸೊಂಟದಲ್ಲಿ ಇದೇ ನೇತಾಡುತ್ತಿತ್ತು. 1980ರ ದಶಕದಲ್ಲಿ ಹೆಚ್ಚು ಗುಂಡು ತುಂಬುವ ಪಿಸ್ತೂಲುಗಳು ಬಂದವು, ರಿವಾಲ್ವರ್ ಮೂಲೆ ಸೇರತೊಡಗಿತು. ನ್ಯೂಯಾರ್ಕ್ ಪೊಲೀಸರು 1993ರಲ್ಲಿ ಪಿಸ್ತೂಲಿನ ಕಡೆ ತಿರುಗಿದರು. ಬಿಡಲೊಲ್ಲದೆ ರಿವಾಲ್ವರನ್ನೇ ಹಿಡಿದುಕೊಂಡಿದ್ದ ಹಳಬರೂ ಕೊನೆಗೆ 2018ರಲ್ಲಿ ಬಿಡಬೇಕಾಯಿತು.

ಪೊಲೀಸರು ಬಿಟ್ಟ ರಿವಾಲ್ವರ್‌ಗಳು ಎಲ್ಲಿ ಹೋದವು? ನಮ್ಮ ಪಾತ್ರೆ ಅಂಗಡಿಯವರಿಗೆ ಈ ವ್ಯಾಪಾರ ಬಾಯಿಪಾಠ. ಹಳೇ ತಾಮ್ರದ ಹಂಡೆ ಕೊಟ್ಟು, ಮೇಲೆ ಒಂದಿಷ್ಟು ದುಡ್ಡು ಸೇರಿಸಿ, ಹೊಸ ಸ್ಟೀಲ್ ಪಾತ್ರೆ ಒಯ್ಯುವುದಿಲ್ಲವೇ? ಹಾಗೇ. ಅಲ್ಲಿಯ ಕೆಲವು ಪೊಲೀಸ್ ಇಲಾಖೆಗಳು ಹಳೆಯದನ್ನು ಕರಗಿಸಿಬಿಟ್ಟವು. ಇನ್ನು ಕೆಲವು ಇಲಾಖೆಗಳು ವ್ಯಾಪಾರಿಗೆ ಕೊಟ್ಟು ಹೊಸ ಪಿಸ್ತೂಲಿನ ಬಿಲ್ಲಿನಲ್ಲಿ ವಜಾ ಮಾಡಿಸಿಕೊಂಡವು. ಆ ಮಾಲು ಅಂಗಡಿಗೆ ಬಂತು, ಅಂಗಡಿಯಿಂದ ಜನರ ಮನೆಗೆ ಹೋಯಿತು.

ಅದಕ್ಕೆ ಗಿರಾಕಿ ಯಾಕೆ ಅಂತೀರಾ? ಪೊಲೀಸ್ ರಿವಾಲ್ವರ್ ಸೊಂಟದಲ್ಲಿ ಇದ್ದದ್ದು ಹೆಚ್ಚು, ಹಾರಿದ್ದು ಕಡಿಮೆ. ವರ್ಷಕ್ಕೆ ಕೆಲವು ಸಲ ಗುರಿ ಪರೀಕ್ಷೆಗೆ ಹಾರಿಸಿದರೆ ಮುಗಿಯಿತು. ಆದ್ದರಿಂದ ಚರ್ಮದ ಒರೆಗೆ ಉಜ್ಜಿ ಉಜ್ಜಿ ನಳಿಗೆಯ ತುದಿಯ ನೀಲಿ ಬಣ್ಣ ಹೋಗಿರುತ್ತದೆ, ಬೆವರಿಗೆ ಹಿಡಿಯ ಹತ್ತಿರ ತುಕ್ಕು ಹತ್ತಿರುತ್ತದೆ, ಒಳಗಿನ ಯಂತ್ರ ಮಾತ್ರ ಎಷ್ಟೋ ಸಲ ಗಟ್ಟಿಯಾಗೇ ಇರುತ್ತದೆ. ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಳ್ಳುವವರು ಬಣ್ಣ ನೋಡಲ್ಲ, ಎಂಜಿನ್ ನೋಡ್ತಾರೆ. ಅದೇ ಲೆಕ್ಕ.

ಆದರೆ ಎಂಜಿನ್ ನೋಡುವುದು ಹೇಗೆ? ವಿಡಿಯೋದಲ್ಲಿ ಕಾಣುವುದು ತುಕ್ಕು ಉಜ್ಜುವ ಕೆಲಸ. ಅದು ನಾಲ್ಕಾಣೆ ಕೆಲಸ. ಉಳಿದ ಹನ್ನೆರಡಾಣೆ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಬಲ್ಲ ಕುಶಲಿ ಮೊದಲು ಸಿಲಿಂಡರ್ ತೆಗೆದು ಆರು ಮನೆಯೂ ಖಾಲಿಯೇ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳುತ್ತಾನೆ. ಆಮೇಲೆ ಕುದುರೆಯನ್ನು ನಿಧಾನವಾಗಿ ಹಿಂದಕ್ಕೆ ಎಳೆಯುತ್ತಾನೆ. ಕುದುರೆ ಅಂದರೆ ಹಿಂದಿನಿಂದ ಬಡಿಯುವ ಹ್ಯಾಮರ್. ಅದು ಪೂರ್ತಿ ನಿಲ್ಲುವ ಹೊತ್ತಿಗೆ ಸಿಲಿಂಡರ್ ತಿರುಗಿ, ಮನೆ ನಳಿಗೆಗೆ ಸರಿಯಾಗಿ ಎದುರಾಗಿ, ಕಟ್ಟನೆ ಬೀಗ ಬೀಳಬೇಕು. ಬೀಗ ಬೀಳದೆ ಕುದುರೆ ಬಡಿದರೆ ಗುಂಡು ನೆಟ್ಟಗೆ ನಳಿಗೆಗೆ ಹೋಗದೆ ಅಂಚಿಗೆ ತಾಗುತ್ತದೆ. ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ತಮ್ಮನ ಕಣ್ಣು?

ಸಿಲಿಂಡರಿಗೂ ನಳಿಗೆಗೂ ನಡುವೆ ಸಂದು ಎಷ್ಟಿರಬೇಕು ಗೊತ್ತೇ? ಒಂದು ಇಂಚನ್ನು ಸಾವಿರ ಪಾಲು ಮಾಡಿ, ಅದರಲ್ಲಿ ಸುಮಾರು ನಾಲ್ಕರಿಂದ ಹತ್ತು ಪಾಲು. ಕಡಿಮೆಯಾದರೆ ಸಿಲಿಂಡರ್ ಕಚ್ಚಿಕೊಳ್ಳುತ್ತದೆ. ಜಾಸ್ತಿಯಾದರೆ ಬೆಂಕಿ, ಹೊಗೆ ಎರಡೂ ಪಕ್ಕಕ್ಕೆ ಉಗುಳುತ್ತದೆ. ನಳಿಗೆಯ ಬುಡದಲ್ಲಿ ಕೂದಲೆಳೆ ಬಿರುಕು ಬಿಟ್ಟಿದ್ದರೆ ಅದನ್ನು ಯಾವ ಪಾಲಿಶೂ ಮುಚ್ಚಿ ಉಳಿಸಲಾರದು. ಸಿನಿಮಾದಲ್ಲಿ ಹೀರೋ ಕೈ ಝಾಡಿಸಿ ಸಿಲಿಂಡರನ್ನು ಟಪ್ಪಂತ ಮುಚ್ಚುತ್ತಾನಲ್ಲ, ಜನ ಶಿಳ್ಳೆ ಹೊಡೀತಾರಲ್ಲ, ಆ ಒಂದು ಸ್ಟೈಲಿನಿಂದಲೇ ಸಿಲಿಂಡರ್ ಹೊತ್ತ ತೋಳು ಸೊಟ್ಟಗಾಗಿ ಎಷ್ಟೋ ಒಳ್ಳೇ ರಿವಾಲ್ವರ್ ಹಾಳಾಗಿವೆ.

ಅಳತೆಯ ಮೋಸ ಇನ್ನೊಂದು. .38 ಅಂದ ಮಾತ್ರಕ್ಕೆ ಎಲ್ಲಾ .38 ಒಂದೇ ಅಲ್ಲ ಸ್ವಾಮಿ. ಎರಡನೇ ಮಹಾಯುದ್ಧದಲ್ಲಿ ಇದೇ ಸ್ಮಿತ್ ಅಂಡ್ ವೆಸನ್ ಕಂಪನಿ ಬ್ರಿಟನ್ ಮತ್ತು ಅದರ ಜತೆಯ ದೇಶಗಳಿಗೆ ಐದು ಲಕ್ಷಕ್ಕೂ ಹೆಚ್ಚು ರಿವಾಲ್ವರ್ ಕಳಿಸಿತು. ಅವು ಬ್ರಿಟಿಷರ ಗಿಡ್ಡ ಕಾಡತೂಸಿಗೆ ಮಾಡಿದವು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟನ್ನೋ ವ್ಯಾಪಾರಿಗಳು ಕೊರೆದು, ಉದ್ದನೆಯ ಅಮೆರಿಕದ .38 ಹಿಡಿಯುವಂತೆ ಮಾಡಿ ಮಾರಿದರು. ಮನೆ ಅಗಲ, ಕಾಡತೂಸು ಸಪೂರ. ಹಾರಿಸಿದಾಗ ಹಿತ್ತಾಳೆ ಸೀಳುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹಳೇ ಬಸ್ಸಿಗೆ ಹೊಸ ಬಣ್ಣ ಬಳಿದು ಹೂವಿನ ಹಾರ ಹಾಕಿದ ಮಾತ್ರಕ್ಕೆ ಬ್ರೇಕು ಹಿಡಿಯುತ್ತದೆಯೇ? ದಿನಾ ಓಡಾಡುವವರು ನೀವೇ ಹೇಳಿ.

ಇಷ್ಟು ಅಲ್ಲಿಯ ಮಾತು. ಇನ್ನು ನಮ್ಮ ಕಡೆಗೆ ಬನ್ನಿ.

ನಮ್ಮಲ್ಲಿ ಬ್ರಿಟಿಷರ ಕಾಲದ ಪೊಲೀಸ್ ಅಧಿಕಾರಿ ಅಂದರೆ ವೆಬ್ಲಿ ರಿವಾಲ್ವರ್. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದದ್ದು. ನಡು ಮುರಿದು ಬಾಗಿಸಿದರೆ ಆರೂ ಖಾಲಿ ತೋಟೆ ಒಟ್ಟಿಗೆ ಹೊರಗೆ ಬೀಳುತ್ತವೆ. ಬ್ರಿಟಿಷ್ ಸೈನ್ಯ 1887ರಲ್ಲಿ .455 ಅಳತೆಯದನ್ನು ಒಪ್ಪಿಕೊಂಡಿತು, ಆಮೇಲೆ .38 ಅಳತೆಯದೂ ಬಂತು. ಆ ಕಾಲದಲ್ಲಿ ಲೈಸೆನ್ಸ್ ಮೇಲೆ ಕೊಂಡು ಇಟ್ಟುಕೊಂಡ ಮನೆತನಗಳೂ ಇದ್ದವು. ತಾತ ಹೋದರು, ಅಪ್ಪ ಹೋದರು, ಲೈಸೆನ್ಸ್ ಪುಸ್ತಕವನ್ನು ಗೆದ್ದಲು ತಿಂದಿತು, ರಿವಾಲ್ವರ್ ಮಾತ್ರ ಟ್ರಂಕಿನ ತಳದಲ್ಲಿ ಪಂಚೆ ಸುತ್ತಿಕೊಂಡು ಮಲಗಿದೆ. ಮನೆಯವರಿಗೆ ಅದು ತಾತನ ನೆನಪು. ಕಾಯಿದೆಗೆ ಅದು ಏನು?

ಇಲ್ಲೇ ಇರೋದು ಗುಟ್ಟು. "ಅದು ಆಂಟಿಕ್ ಸಾರ್, ಲೈಸೆನ್ಸ್ ಬೇಕಾಗಿಲ್ಲ" ಅಂತ ದಲ್ಲಾಳಿಗಳು ಹೇಳುವ ಮಾತಿದೆಯಲ್ಲ, ಅದು ಅರ್ಧ ಮಾತ್ರ ನಿಜ. ಅರ್ಧ ನಿಜ ಪೂರ್ತಿ ಸುಳ್ಳಿಗಿಂತ ಅಪಾಯ. 1959ರ ಆಯುಧ ಕಾಯ್ದೆಯ 45ನೇ ಕಲಂ ಹಳೇ ಕಾಲದ, ಪುರಾತನ ಬೆಲೆಯ, ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಕೊಡುವುದು ನಿಜವೇ. ಆದರೆ ಒಂದು ಷರತ್ತು ಹಾಕಿದೆ. ಅದು ಹಾರಿಸಲು ಬಾರದಂತಿರಬೇಕು; ರಿಪೇರಿ ಮಾಡದಿದ್ದರೂ ಸರಿ, ರಿಪೇರಿ ಮಾಡಿದರೂ ಸರಿ, ಹಾರಬಾರದು!

ಇದರ ಅರ್ಥ ಏನಾಯಿತು? ತುಕ್ಕು ಹಿಡಿದು ಕೂತ ರಿವಾಲ್ವರನ್ನು ನೀವು ರಿಪೇರಿ ಮಾಡಿ ನಡೆಯುವಂತೆ ಮಾಡಿದಿರೋ, ಅದು ಆಂಟಿಕ್ ಆಗಿರಲಿಲ್ಲ ಅಂತ ನೀವೇ ಸಾಕ್ಷಿ ಕೊಟ್ಟ ಹಾಗಾಯಿತು. ಎಷ್ಟು ಚೆನ್ನಾಗಿ ರಿಪೇರಿ ಮಾಡಿದಿರೋ ಅಷ್ಟು ಗಟ್ಟಿ ಸಾಕ್ಷಿ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ, 2019ರ ತಿದ್ದುಪಡಿಯ ನಂತರ, ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು, ಮೇಲೆ ದಂಡ. ಪೊಲೀಸ್ ರಿವಾಲ್ವರ್ ವಿಷಯದಲ್ಲಂತೂ ತೊಡಕು ಇನ್ನೂ ಬಿಗಿ. .380 ಮತ್ತು .455 ಸರ್ವೀಸ್ ಕಾಡತೂಸು ಹಾರಿಸಬಲ್ಲ ರಿವಾಲ್ವರ್‌ಗಳು ಜನ 'ಪ್ರೊಹಿಬಿಟೆಡ್ ಬೋರ್' ಅನ್ನುವ ಪಟ್ಟಿಗೆ ಸೇರಿವೆ. ಅದಕ್ಕೆ ಡೀಸಿ ಸಾಹೇಬರ ಲೈಸೆನ್ಸು ಸಾಲದು, ದೆಹಲಿಯ ಗೃಹ ಸಚಿವಾಲಯದ ಬಾಗಿಲು ತಟ್ಟಬೇಕು. ಸಾಮಾನ್ಯ ಲೈಸೆನ್ಸಿನವರು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್ ಕೊಳ್ಳುವುದು ಸುಮ್ಮನೆ ಅಲ್ಲ. ಕೊಡಗಿನವರಿಗೆ ವಿನಾಯಿತಿ ಇದೆಯಲ್ಲ ಅಂತ ಕೇಳಬೇಡಿ. ಆ ವಿನಾಯಿತಿ ಕೋವಿಗೆ, ರಿವಾಲ್ವರ್‌ಗೆ ಅಲ್ಲ.

ಇನ್ನು ಪಾಲಿಶ್ ಚಕ್ರದ ಮಾತು. ತುಕ್ಕಿನ ಜತೆಗೆ ನಂಬರೂ ಹೋಗುತ್ತದೆ. ಹೊಳಪಿನ ಹುಚ್ಚಿಗೆ ಚಕ್ರಕ್ಕೆ ಕೊಟ್ಟರೆ ಚೂಪು ಅಂಚು ದುಂಡಗಾಗುತ್ತದೆ, ತಯಾರಕನ ಮುದ್ರೆ ಮಸುಕಾಗುತ್ತದೆ, ನಂಬರು ಅಳಿಯುತ್ತದೆ. ಸಂಗ್ರಹಕಾರರ ದೃಷ್ಟಿಯಲ್ಲಿ ಅದರ ಬೆಲೆ ಅಲ್ಲಿಗೆ ಮುಗಿಯಿತು. ಕಾಯಿದೆಯ ದೃಷ್ಟಿಯಲ್ಲಿ ತಾಪತ್ರಯ ಅಲ್ಲಿಂದ ಶುರುವಾಯಿತು. ನಂಬರು ಅಳಿಸಿದ ಆಯುಧ ಯಾರ ಕೈಯಲ್ಲಿ ಸಿಕ್ಕಿತೋ ಅವನೇ ಅಳಿಸಿದವನು ಅಂತ 8ನೇ ಕಲಂ ಭಾವಿಸುತ್ತದೆ. ಅಲ್ಲ ಅಂತ ಸಾಬೀತು ಮಾಡುವ ಹೊಣೆ ಅವನದೇ. ರಿಪೇರಿಗೂ ಲೈಸೆನ್ಸ್ ಬೇಕು ಅನ್ನುತ್ತದೆ 5ನೇ ಕಲಂ. ಲೇತ್ ಅಂಗಡಿಯ ಮೇಸ್ತ್ರಿಗಳೇ, ಪರಿಚಯದವರು ಅಂತ ದಾಕ್ಷಿಣ್ಯಕ್ಕೆ ಬಿದ್ದು ಒಂದು ಸ್ಪ್ರಿಂಗು, ಒಂದು ಪಿನ್ನು ಮಾಡಿಕೊಟ್ಟೀರಿ, ಹುಷಾರು! ಗುಜರಿ ವ್ಯಾಪಾರಿಗಳೇ, ಹಳೇ ಮನೆಯ ಸಾಮಾನು ಒಟ್ಟಿಗೆ ತೂಕಕ್ಕೆ ಕೊಳ್ಳುವಾಗ ಟ್ರಂಕಿನ ತಳ ನೋಡಿ ಕೊಳ್ಳಿ. ಸಿಕ್ಕಿದರೆ ಅದನ್ನು ಮುಟ್ಟದೆ ಠಾಣೆಗೆ ತಿಳಿಸಿ.

ಹಾಗಾದರೆ ತಾತನ ರಿವಾಲ್ವರನ್ನು ಏನು ಮಾಡಬೇಕು? ದಾರಿ ಇದೆ. ಲೈಸೆನ್ಸುದಾರ ತೀರಿಕೊಂಡರೆ ಮನೆಯವರು ವಿಳಂಬ ಮಾಡದೆ ಅದನ್ನು ಹತ್ತಿರದ ಠಾಣೆಗಾದರೂ, ಲೈಸೆನ್ಸ್ ಇರುವ ಡೀಲರ್ ಹತ್ತಿರವಾದರೂ ಇಟ್ಟು ರಶೀದಿ ಪಡೆಯಬೇಕು. ಆಮೇಲೆ ವಾರಸುದಾರರು ಅವಧಿಯೊಳಗೆ ಲೈಸೆನ್ಸಿಗೆ ಅರ್ಜಿ ಹಾಕಬಹುದು, ಅಥವಾ ಲೈಸೆನ್ಸ್ ಇದ್ದವರಿಗೆ ಮಾರಬಹುದು. ಲೈಸೆನ್ಸ್ ಸಿಕ್ಕಿ, ಅದು ನಿಮ್ಮದೇ ಆದ ಮೇಲೆ ಅದನ್ನು ಉಳಿಸಿಕೊಳ್ಳುವುದು ಒಳ್ಳೆಯ ಕೆಲಸವೇ. ಲೈಸೆನ್ಸ್ ಇರುವ ಕುಶಲಿಯ ಹತ್ತಿರ ಒಯ್ಯಿರಿ. ಬೀಗ, ಸಂದು, ಬಿರುಕು ನೋಡಿಸಿ. ತುಕ್ಕನ್ನು ಎಣ್ಣೆ ಹಾಕಿ ಮೆತ್ತಗೆ ತೆಗೆಸಿ, ಚಕ್ರಕ್ಕೆ ಕೊಡಬೇಡಿ. ನಂಬರನ್ನು ಮುಟ್ಟಿಸಬೇಡಿ. ಚರ್ಮದ ಒರೆಯಲ್ಲಿ ಹಾಕಿ ವರ್ಷಗಟ್ಟಲೆ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಅದರೊಳಗೇ ತುಕ್ಕು ಬೆಳೆಯುತ್ತದೆ. ಚುನಾವಣೆ ಬಂದಾಗ ಠಾಣೆಯಲ್ಲಿ ಇಡುವುದಿದ್ದರೆ ಎಣ್ಣೆ ಬಟ್ಟೆ ಒರೆಸಿ ಕೊಡಿ, ವಾಪಸು ತರುವಾಗ ನಂಬರು ತಾಳೆ ನೋಡಿ ತನ್ನಿ.

ಆದರೆ ಎಲ್ಲಾ ಹೊಣೆ ಜನರ ತಲೆ ಮೇಲೆ ಹೊರಿಸಿದರೆ ನ್ಯಾಯವಲ್ಲ. ನಿಜ ಸಂಗತಿ ಏನೆಂದರೆ, ಜನ ಠಾಣೆಗೆ ಹೋಗಲು ಹೆದರುತ್ತಾರೆ. ಗಂಡ ತೀರಿಕೊಂಡ ಹೆಂಗಸೊಬ್ಬಳು ಟ್ರಂಕಿನಲ್ಲಿ ರಿವಾಲ್ವರ್ ಕಂಡರೆ ಏನು ಮಾಡಬೇಕು? ಠಾಣೆ ಮೆಟ್ಟಿಲು ಹತ್ತಿದರೆ "ಇಷ್ಟು ದಿನ ಯಾಕೆ ತರಲಿಲ್ಲ? ಎಲ್ಲಿಂದ ಬಂತು? ಯಾರಿಗೆ ಹೊಡೆಯೋಕೆ ಇಟ್ಟಿದ್ರಿ?" ಅಂತ ಶುರುವಾಗುವ ಪ್ರಶ್ನೆಗಳ ಭಯ. ಆ ಭಯಕ್ಕೆ ರಾತ್ರೋರಾತ್ರಿ ಬಾವಿಗೆ ಎಸೆಯುವ ಯೋಚನೆ ಬರುತ್ತದೆ, ಇಲ್ಲ ಯಾವನೋ ದಲ್ಲಾಳಿಗೆ ಐದು ಹತ್ತು ಸಾವಿರಕ್ಕೆ ಕೊಟ್ಟು ಕೈ ತೊಳೆದುಕೊಳ್ಳುವ ಯೋಚನೆ ಬರುತ್ತದೆ. ಹಾಗೆ ಕೈ ಬದಲಾದ ಆಯುಧ ನಾಳೆ ಯಾವ ಅಂಗಡಿಯ ಗಲ್ಲಾಪೆಟ್ಟಿಗೆ ಎದುರು ತೋರಿಸಲ್ಪಡುತ್ತದೋ ಯಾರು ಬಲ್ಲರು? ರಾತ್ರಿ ಕೊನೆಯ ಬಸ್ಸಿಗೆ ಬಾಗಿಲು ಹಾಕಿಕೊಂಡು ಹೋಗುವ ವ್ಯಾಪಾರಿಗೆ ಈ ವಿಷಯ ಸಂಬಂಧವಿಲ್ಲದ್ದಲ್ಲ.

ಜಿಲ್ಲಾಧಿಕಾರಿಗಳಿಗೂ ಎಸ್ಪಿ ಸಾಹೇಬರಿಗೂ ಈ ಅಂಕಣದ ಮನವಿ ಸರಳ. ವರ್ಷಕ್ಕೆ ಒಂದು ದಿನ, ತಾಲೂಕಿಗೆ ಒಂದು ಕಡೆ, ಲೈಸೆನ್ಸುದಾರರು ತೀರಿಕೊಂಡ ಮನೆಯವರು ಬಂದು ಆಯುಧ ಒಪ್ಪಿಸುವ ಏರ್ಪಾಡು ಮಾಡಿ. ತಾನಾಗಿ ತಂದವರನ್ನು ಕಳ್ಳರ ಹಾಗೆ ನೋಡಬೇಡಿ, ಕುರ್ಚಿ ಕೊಡಿ, ರಶೀದಿ ಕೊಡಿ. ಮುಂದೇನು ಅಂತ ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಠಾಣೆಯ ಗೋಡೆಗೆ ಅಂಟಿಸಿ. ಜಿಲ್ಲೆಯಲ್ಲಿ ಲೈಸೆನ್ಸ್ ಇರುವ ರಿಪೇರಿಯವರು ಯಾರು ಅನ್ನುವ ಪಟ್ಟಿಯೂ ಪಕ್ಕದಲ್ಲಿ ಇರಲಿ. ಯಾರಿಗೂ ಬೇಡವಾದ ಹಳೇ ರಿವಾಲ್ವರನ್ನು ಕುಲುಮೆಗೆ ಹಾಕುವ ಮುಂಚೆ ಬಲ್ಲವರಿಗೆ ಒಮ್ಮೆ ತೋರಿಸಿ. ಚರಿತ್ರೆ ಇದ್ದದ್ದನ್ನು ಎಂದಿಗೂ ಹಾರದಂತೆ ಮಾಡಿ ವಸ್ತುಸಂಗ್ರಹಾಲಯಕ್ಕೆ ಕೊಡಿ. ಶಾಲೆ ಮಕ್ಕಳು ಗಾಜಿನ ಹಿಂದೆ ನೋಡಲಿ.

ಇದಕ್ಕೆ ಕೋಟಿ ರೂಪಾಯಿ ಯೋಜನೆ ಬೇಡ. ಒಂದು ಮೇಜು, ಒಂದು ರಿಜಿಸ್ಟರು, ಒಬ್ಬ ಬಾಯಿ ಮೆತ್ತಗಿರುವ ದಫೇದಾರ ಸಾಕು. ಅಂಗಡಿಯ ತಕ್ಕಡಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸಿಕೊಳ್ಳಿ ಅಂತ ಬಂದು ನಿಲ್ಲುವ ಸರ್ಕಾರ, ಮನೆಯ ಟ್ರಂಕಿನಲ್ಲಿ ಮಲಗಿರುವ ಆಯುಧದ ಲೆಕ್ಕ ಹಿಡಿಯಲು ಇಷ್ಟಾದರೂ ಮಾಡಬಾರದೇ?